ಕಾಲೇಜಿನ ಬೋಧನೆಯೂ ಗಡಿನಾಡಿನ ಹೊಸ ತಲೆಮಾರೂ

(ಸಂಘದ ವಾರ್ಷಿಕೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ದಿನ ತಮ್ಮೆದುರಿನಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ವಿಷಯವನ್ನೂ ತಾವೇ ಸೂಚಿಸಿದರೆ ಉಪಕಾರವಾದೀತೆಂದು ನಾನು ಬಿನ್ನವಿಸಿಕೊಂಡೆ. "ಕಾಲೇಜಿಗೆ ಹೋದ ನಮ್ಮ ಮಕ್ಕಳು ಮಾತು ಬಿಡುವುದೇಕೆ?" ಎಂದು ಅವರು ಕೇಳಿದರು. ಪ್ರಶ್ನೆ ಚಿಕ್ಕದು. ಆದರೆ ಈ ಜಿಲ್ಲೆಯಲ್ಲಿ ಮೂವತ್ತು ವರ್ಷಗಳಷ್ಟು ಕಾಲ ಕಾಲೇಜಿನ ಮಕ್ಕಳಿಗೆ ಅರ್ಥಶಾಸ್ತ್ರವನ್ನು ಬೋಧಿಸಿ ನಿವೃತ್ತನಾಗಿರುವ ನನಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೊಂದು ಕಾಣದು. ನನ್ನ ಮಾತುಗಳೆಲ್ಲ ಇದಕ್ಕೆ ಉತ್ತರ ಹುಡುಕುವ ಯತ್ನವೆಂದು ತಾವು ಭಾವಿಸಬೇಕು.

ಮಾತು ಬಿಡುವುದೆಂದರೇನು? ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಚರ್ಚಾಕೂಟಕ್ಕೆ ನಿಂತು ಬಹುಮಾನ ಗೆದ್ದವಳು, ವಿಜ್ಞಾನ ಮೇಳಕ್ಕೆ ತಾನೇ ಮಾದರಿ ಕಟ್ಟಿಕೊಂಡು ಹೋದವಳು, ಕಾಲೇಜು ಸೇರಿದ ಮೇಲೆ ಹಿಂದಿನ ಬೆಂಚಿನಲ್ಲಿ ಕುಳಿತು ಮೂರು ವರ್ಷ ಬಾಯಿ ತೆರೆಯದೆ ಇದ್ದುಬಿಡುತ್ತಾಳೆ. ಬುದ್ಧಿ ಕುಂದಿತೇ? ಇಲ್ಲ. ಮನೆಯಲ್ಲಿ ಅವಳದು ತುಳುವೋ, ಹವ್ಯಕ ಕನ್ನಡವೋ, ಕೊಂಕಣಿಯೋ, ಮರಾಟಿಯೋ, ಬ್ಯಾರಿಯೋ. ಬಸ್ಸಿನಲ್ಲಿ ಮತ್ತು ಕಚೇರಿಯಲ್ಲಿ ಮಲೆಯಾಳ. ಹತ್ತನೆಯ ತರಗತಿಯವರೆಗೆ ಶಾಲೆಯಲ್ಲಿ ಕನ್ನಡ. ಹೈಯರ್ ಸೆಕೆಂಡರಿಗೆ ಬಂದೊಡನೆ ಇಂಗ್ಲಿಷಿನ ಪುಸ್ತಕಗಳು ಕೈಸೇರುತ್ತವೆ. ಕಾಲೇಜಿನಲ್ಲಾದರೋ ಪುಸ್ತಕ ಇಂಗ್ಲಿಷ್, ಬಿಡಿಸಿ ಹೇಳುವುದು ಬಹುಮಟ್ಟಿಗೆ ಮಲೆಯಾಳ. ಅವಳು ಯೋಚಿಸುವ ಭಾಷೆಗೆ ಮಾತ್ರ ಆ ನಾಲ್ಕು ಗೋಡೆಗಳ ನಡುವೆ ಸ್ಥಳವಿಲ್ಲ. ನಾಲ್ಕು ಭಾಷೆಗಳನ್ನು ಬಲ್ಲವಳನ್ನು ನಾವು ಭಾಷೆ ಬಾರದವಳೆಂದು ಎಣಿಸಿ ಹಿಂದಿನ ಬೆಂಚಿಗೆ ಬಿಟ್ಟುಬಿಡುತ್ತೇವೆ.

ಇದರ ಹಿನ್ನೆಲೆಯನ್ನು ಒಂದಿಷ್ಟು ನೆನೆಯಬೇಕು. 1956ನೆಯ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳವನ್ನು ಸೇರಿತು. ಅದುವರೆಗೆ ಇಲ್ಲಿನವರಿಗೆ ಕಾಲೇಜೆಂದರೆ ಮಂಗಳೂರು: 1880ರಲ್ಲಿ ಸ್ಥಾಪಿತವಾದ ಸಂತ ಅಲೋಷಿಯಸ್ ಕಾಲೇಜೋ, ಅಲ್ಲಿನ ಸರಕಾರಿ ಕಾಲೇಜೋ. ಅಲ್ಲಿಯೂ ಪಾಠ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಆದರೆ ಗಂಟೆ ಹೊಡೆದ ಮೇಲೆ ಪಕ್ಕದ ಬೆಂಚಿನವನನ್ನು ಕನ್ನಡದಲ್ಲೋ ತುಳುವಿನಲ್ಲೋ ಕೇಳಿ ತಿಳಿದುಕೊಳ್ಳುವ ಅನುಕೂಲವಿತ್ತು. 1957ರಲ್ಲಿ ಕಾಸರಗೋಡಿನಲ್ಲಿಯೇ ಸರಕಾರಿ ಕಾಲೇಜು ಆರಂಭವಾಯಿತು. 1980ರಲ್ಲಿ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಹೆಸರಿನ ಸರಕಾರಿ ಕಾಲೇಜು ಬಂದಿತು. ಕಾಲೇಜುಗಳ ಮೇಲಿನ ವಿಶ್ವವಿದ್ಯಾಲಯವೂ ಬದಲಾಗುತ್ತ ಬಂದು, 1968ರಲ್ಲಿ ಕಲ್ಲಿಕೋಟೆಯದೂ 1996ರಲ್ಲಿ ಕಣ್ಣೂರಿನದೂ ಸ್ಥಾಪನೆಗೊಂಡವು. ಕಾಲೇಜು ಮನೆಯ ಬಾಗಿಲಿಗೆ ಬಂದದ್ದು ಮಹದುಪಕಾರ. ಮಂಗಳೂರಿನಲ್ಲಿ ಕೊಠಡಿ ಹಿಡಿದು ಓದುವ ಶಕ್ತಿಯಿಲ್ಲದ ಬೀಡಿ ಕಟ್ಟುವವರ, ತೋಟದ ಕೆಲಸದವರ ಹೆಣ್ಣುಮಕ್ಕಳು ಕೂಡ ಪದವೀಧರರಾದರು. ಇದನ್ನು ಮರೆತು ಹಳೆಯ ಕಾಲವನ್ನು ಹೊಗಳುವವರೊಡನೆ ನಾನು ಸೇರಲಾರೆ.

ಆದರೆ ಪಾಠ ಹೇಳುವ ಕ್ರಮವು ಬದಲಾಯಿತೇ? ನಾನು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಅಧ್ಯಾಪಕರು ಬರುವರು, ಹಾಜರಿ ಕರೆಯುವರು, ಟಿಪ್ಪಣಿ ಬರೆಸುವರು. ನಾವು ಬರೆದುಕೊಳ್ಳುತ್ತಿದ್ದೆವು. ಅದನ್ನು ಹಳಿಯಲು ಕಾರಣವಿರಲಿಲ್ಲ. ಗ್ರಂಥಾಲಯದಲ್ಲಿ ಒಂದು ಪುಸ್ತಕದ ಎರಡು ಪ್ರತಿ, ಓದುವವರು ಎಂಬತ್ತು ಮಂದಿ. ಬರೆಸಿದ ಟಿಪ್ಪಣಿಯೇ ಆಗ ಪುಸ್ತಕ. ಈಗ ಅಂಥ ಟಿಪ್ಪಣಿಗಳು ಪ್ರತಿಯೊಬ್ಬನ ಮೊಬೈಲಿನಲ್ಲಿಯೂ ರಾಶಿಬಿದ್ದಿವೆ. ಜಗತ್ತಿನ ಹೆಸರಾಂತ ಪ್ರಾಧ್ಯಾಪಕರ ಉಪನ್ಯಾಸಗಳನ್ನು ಸೀತಾಂಗೋಳಿಯ ಬಸ್ ನಿಲ್ದಾಣದಲ್ಲಿ ನಿಂತುಕೊಂಡೇ ಕೇಳಬಹುದು. ಹೀಗಿರುವಾಗಲೂ ಅಧ್ಯಾಪಕನು ಹಿಂದಿನಂತೆ ಬರೆಸುತ್ತಲೇ ಇದ್ದರೆ, ವಿದ್ಯಾರ್ಥಿಗಳು ಮೇಜಿನ ಅಡಿಯಲ್ಲಿ ಮೊಬೈಲು ನೋಡುತ್ತಾರೆ. ಅವರನ್ನು ಅಶಿಸ್ತಿನವರೆನ್ನುವುದಕ್ಕೆ ಮೊದಲು, ಅವರ ಕೈಯಲ್ಲಿ ಆಗಲೇ ಇರುವುದನ್ನಲ್ಲದೆ ಬೇರೇನನ್ನು ನಾವು ಕೊಡುತ್ತಿದ್ದೇವೆಂದು ಕೇಳಿಕೊಳ್ಳುವುದು ನ್ಯಾಯ.

ಈ ಮಕ್ಕಳು ಬಂದ ದಾರಿಯೂ ಬೇರೆ. 2020ರ ಮಾರ್ಚಿಯಲ್ಲಿ ಮುಚ್ಚಿದ ಕೇರಳದ ಶಾಲೆಗಳು ಮತ್ತೆ ತೆರೆದದ್ದು 2021ರ ನವೆಂಬರ್ 1ರಂದು. ಸುಮಾರು ಇಪ್ಪತ್ತು ತಿಂಗಳ ಕಾಲ ಅವರಿಗೆ ಶಾಲೆಯೆಂದರೆ ದೂರದರ್ಶನದ ಮತ್ತು ಮೊಬೈಲಿನ ತೆರೆ. ಗುರುವಿನ ಮುಖ ನೋಡಿ ಸಂದೇಹ ಕೇಳುವ, ತಪ್ಪು ಹೇಳಿ ನಗಿಸಿಕೊಂಡು ತಿದ್ದಿಕೊಳ್ಳುವ ಅಭ್ಯಾಸವು ಯಾವ ವಯಸ್ಸಿನಲ್ಲಿ ಬೇರೂರಬೇಕೋ ಆ ವಯಸ್ಸಿನಲ್ಲಿಯೇ ಅದು ತಪ್ಪಿಹೋಯಿತು. ಇದಾದ ಮೇಲೆ 2024ರಲ್ಲಿ ಕೇರಳದ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿ ಕ್ರಮವನ್ನು ತಂದವು. ವಿಷಯಗಳನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳಬೇಕು. ಮೂರು ವರ್ಷಕ್ಕೆ ಪದವಿ ಪಡೆದು ಹೊರಡಬಹುದು, ನಾಲ್ಕನೆಯ ವರ್ಷ ನಿಂತು ಹೆಚ್ಚಿನ ವ್ಯಾಸಂಗ ಮಾಡಬಹುದು. ಕಾಗದದ ಮೇಲೆ ಒಳ್ಳೆಯ ಏರ್ಪಾಡೇ. ಆದರೆ ಸೇರಿದ ಕೆಲವೇ ತಿಂಗಳಲ್ಲಿ ಮೊದಲ ಪರೀಕ್ಷೆ ಬಂದುಬಿಡುತ್ತದೆ. ಹಿಂದೆ ಎರಡು ವರ್ಷದ ಪ್ರೀಡಿಗ್ರಿ ತರಗತಿಯು ಕಾಲೇಜಿನಲ್ಲಿಯೇ ಇದ್ದು ಮಕ್ಕಳಿಗೆ ಇಂಗ್ಲಿಷಿನ ನೀರಿಗೆ ಮೆಲ್ಲನೆ ಇಳಿಯಲು ಒಂದು ಮೆಟ್ಟಿಲಾಗಿತ್ತು. ಆ ತರಗತಿ ಈ ಶತಮಾನದ ಆರಂಭದ ಹೊತ್ತಿಗೆ ಕಾಲೇಜುಗಳಿಂದ ಹೊರಟುಹೋಯಿತು. ಆದುದರಿಂದ ಕನ್ನಡ ಮಾಧ್ಯಮದ ಮಗುವಿನ ಪಾಲಿಗೆ ಕಾಲೇಜಿನ ಮೊದಲ ಆರು ತಿಂಗಳುಗಳೇ ನಿರ್ಣಾಯಕ. ಆ ಆರು ತಿಂಗಳಲ್ಲಿ ಬಾಯಿ ಕಟ್ಟಿತೋ, ಮುಂದೆ ಬಿಡುವುದು ಕಷ್ಟ.

ಇನ್ನು ಪರಿಹಾರದ ವಿಷಯ. ಕರ್ನಾಟಕದಲ್ಲಿ ಈ ಚರ್ಚೆ ಹಳೆಯದು. ನಾವು ಕೇರಳಕ್ಕೆ ಸೇರಿದ ಅದೇ 1956ರಲ್ಲಿ ಕುವೆಂಪು ಅವರು ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಕನ್ನಡದಲ್ಲಿಯೇ ಕಾಲೇಜು ಶಿಕ್ಷಣ ಸಾಧ್ಯವೆಂದು ಪಟ್ಟು ಹಿಡಿದರು. ನಮ್ಮ ನೆರೆಯ ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಬರೆದು, ಕನ್ನಡಕ್ಕೆ ಶಕ್ತಿಯಿಲ್ಲವೆನ್ನುವವರ ಬಾಯಿ ಮುಚ್ಚಿಸಿದರು. ಆದರೆ ಅಲ್ಲಿನ ಪರಿಹಾರವನ್ನು ಇದ್ದಂತೆಯೇ ಇಲ್ಲಿಗೆ ತರುವಂತಿಲ್ಲ. ನಮ್ಮ ಕಾಲೇಜಿನ ತರಗತಿಯಲ್ಲಿ ಎಲ್ಲರೂ ಕನ್ನಡಿಗರಲ್ಲ; ಅಧ್ಯಾಪಕರಲ್ಲಿ ಹಲವರಿಗೆ ಕನ್ನಡ ಬಾರದು. 2023ರ ಏಪ್ರಿಲಿನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು, ಇಂಗ್ಲಿಷಿನಲ್ಲಿ ಕಲಿತವರಿಗೂ ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ಅವಕಾಶ ಕೊಡಬೇಕೆಂದು ವಿಶ್ವವಿದ್ಯಾಲಯಗಳನ್ನು ಕೇಳಿಕೊಂಡಿತು. ಸಂತೋಷ. ಆದರೆ 'ಸ್ಥಳೀಯ ಭಾಷೆ'ಯೆಂದರೆ ಯಾವುದೆಂದು ಏಳು ಭಾಷೆಗಳ ನಮ್ಮ ನಾಡಿನಲ್ಲಿ ಯಾರನ್ನು ಕೇಳೋಣ?

ಹಕ್ಕಿನ ಹೋರಾಟ ನಡೆಯುತ್ತಿರಲಿ. ಅದಕ್ಕೆ ಸಮರ್ಥರಾದ ಮುಂದಾಳುಗಳಿದ್ದಾರೆ. ನಾನು ಹೇಳಹೊರಟದ್ದು ಯಾರ ಆಜ್ಞೆಗೂ ಕಾಯದೆ ಒಬ್ಬ ಅಧ್ಯಾಪಕನು ನಾಳೆಯೇ ಮಾಡಬಹುದಾದ ಕೆಲಸವನ್ನು.

ಐವತ್ತೈದು ನಿಮಿಷದ ಪಾಠದಲ್ಲಿ ಹದಿನೈದು ನಿಮಿಷ ವಿವರಿಸಿ ಅಧ್ಯಾಪಕನು ನಿಲ್ಲಿಸಲಿ. ಮುಂದಿನ ಹತ್ತು ನಿಮಿಷ, ಈಗ ಕೇಳಿದ್ದನ್ನು ಪಕ್ಕದವರಿಗೆ ನಿಮ್ಮ ಮಾತಿನಲ್ಲಿ ಹೇಳಿ ಎನ್ನಲಿ. ಕನ್ನಡದವರು ಕನ್ನಡದಲ್ಲಿ, ಮಲೆಯಾಳದವರು ಮಲೆಯಾಳದಲ್ಲಿ, ತುಳುವರು ತುಳುವಿನಲ್ಲಿ. ಬಳಿಕ ಪ್ರತಿ ಗುಂಪಿನಿಂದ ಒಬ್ಬರು ಎದ್ದು ಅದನ್ನು ಇಂಗ್ಲಿಷಿನಲ್ಲಿ, ಎಷ್ಟು ಒಡಕಾಗಿಯಾದರೂ ಸರಿ, ಹೇಳಲಿ. ಇದಕ್ಕೆ ಅಧ್ಯಾಪಕನಿಗೆ ಕನ್ನಡ ಬರಬೇಕೆಂದಿಲ್ಲ. ಗದ್ದಲವಾಗುತ್ತದೆ, ನಿಜ. ಆ ಗದ್ದಲವನ್ನು ಸಹಿಸುವ ಮನಸ್ಸು ಮಾತ್ರ ಬೇಕು. ನಿವೃತ್ತಿಗೆ ಮುಂಚಿನ ಕೆಲವು ವರ್ಷಗಳಲ್ಲಿ ನಾನು ಇದನ್ನು ಬಿಡದೆ ನಡೆಸಿ ನೋಡಿದ್ದೇನೆ. ಮೊದಲ ವಾರ ನಗು, ಎರಡನೆಯ ವಾರ ಹರಟೆ, ಮೂರನೆಯ ವಾರದಿಂದ ವಾದ. ವಾದ ಹುಟ್ಟಿದ ತರಗತಿಯಲ್ಲಿ ಇಂಗ್ಲಿಷು ತಾನಾಗಿ ಬಾಯಿಗೆ ಬರತೊಡಗುತ್ತದೆ. ಹೇಳುವುದಕ್ಕೆ ಏನಾದರೂ ಇರುವವನಿಗೆ ಭಾಷೆಯ ಅಂಜಿಕೆ ಕಡಮೆ.

ಎರಡನೆಯದು, ಪಾರಿಭಾಷಿಕ ಪದಗಳ ವಿಚಾರ. ಕನ್ನಡ ಶಾಲೆಯಲ್ಲಿ 'ದ್ಯುತಿಸಂಶ್ಲೇಷಣೆ' ಎಂದು ಕಲಿತವನಿಗೆ ಕಾಲೇಜಿನಲ್ಲಿ 'ಫೋಟೋಸಿಂಥೆಸಿಸ್' ಹೊಸದೊಂದು ಕಬ್ಬಿಣದ ಕಡಲೆಯಂತೆ ತೋರುತ್ತದೆ. ಅಧ್ಯಾಪಕನು ಹಲಗೆಯ ಮೇಲೆ ಮೂರು ಪದಗಳನ್ನು ಒಂದರ ಕೆಳಗೊಂದು ಬರೆಯಲಿ: ಕನ್ನಡದ ದ್ಯುತಿಸಂಶ್ಲೇಷಣೆ, ಮಲೆಯಾಳದ ಪ್ರಕಾಶಸಂಶ್ಲೇಷಣಂ, ಇಂಗ್ಲಿಷಿನ ಫೋಟೋಸಿಂಥೆಸಿಸ್. ದ್ಯುತಿ, ಪ್ರಕಾಶ, ಫೋಟೋ, ಮೂರೂ ಬೆಳಕೇ. ಸಂಶ್ಲೇಷಣೆ, ಸಿಂಥೆಸಿಸ್, ಎರಡೂ ಕೂಡಿಸುವುದೇ. ಎರಡು ನಿಮಿಷದ ಕೆಲಸ. ಕನ್ನಡದ ಹುಡುಗನಿಗೂ ಮಲೆಯಾಳದ ಹುಡುಗಿಗೂ ತಾವು ಕಲಿತದ್ದು ವ್ಯರ್ಥವಾಗಲಿಲ್ಲವೆಂದೂ, ತಮ್ಮಿಬ್ಬರ ಪದವೂ ಒಂದೇ ಮರದ ಕೊಂಬೆಯೆಂದೂ ಒಟ್ಟಿಗೇ ತಿಳಿಯುತ್ತದೆ. ಗಣಿತದ 'ಸಮದ್ವಿಬಾಹು ತ್ರಿಭುಜ'ವನ್ನು ನೋಡಿ: ಸಮನಾದ ಎರಡು ಬಾಹುಗಳುಳ್ಳದ್ದೆಂದು ಹೆಸರೇ ಹೇಳುತ್ತದೆ. 'ಐಸಾಸಲೀಸ್' ಎಂಬುದು ಗ್ರೀಕ್ ಅರಿಯದ ಇಂಗ್ಲಿಷ್ ಮಾಧ್ಯಮದವನಿಗೂ ಬರಿಯ ಉರು. ಭೌತಶಾಸ್ತ್ರದ 'ವೇಗೋತ್ಕರ್ಷ' ಎಂಬ ಪದದಲ್ಲಿ ವೇಗವೂ ಇದೆ, ಅದರ ಏರಿಕೆಯೂ ಇದೆ.

'ಪವರ್' ಎಂಬ ಒಂದು ಇಂಗ್ಲಿಷ್ ಶಬ್ದದ ಅವಾಂತರವನ್ನಂತೂ ತಾವು ಕೇಳಬೇಕು. ರಾಜ್ಯಶಾಸ್ತ್ರದಲ್ಲಿ ಅದು ಅಧಿಕಾರ, ಭೌತಶಾಸ್ತ್ರದಲ್ಲಿ ಸಾಮರ್ಥ್ಯ, ಗಣಿತದಲ್ಲಿ ಘಾತ, ಮನೆಯಲ್ಲಿ, ಮಳೆಗಾಲದಲ್ಲಿ ಪದೇ ಪದೇ ಹೋಗುವ ಕರೆಂಟು. ಇಂಗ್ಲಿಷಿನವನು ಒಂದೇ ಚೀಲದಲ್ಲಿ ಎಲ್ಲವನ್ನೂ ತುಂಬಿಕೊಂಡಿದ್ದಾನೆ. ಕನ್ನಡದಲ್ಲಿ ಓದಿದವನಿಗೆ ನಾಲ್ಕಕ್ಕೂ ಬೇರೆ ಬೇರೆ ಪದಗಳಿರುವುದರಿಂದ ವ್ಯತ್ಯಾಸವನ್ನು ತಿಳಿಯುವುದು ಅವನಿಗೇ ಸುಲಭ, ಅದನ್ನು ತೋರಿಸಿಕೊಡುವವರು ಇದ್ದರೆ. ಮೊಬೈಲಿನ ಅನುವಾದಯಂತ್ರವು ಈ ಉಪಕಾರವನ್ನು ಮಾಡುವುದೆಂದು ನಂಬಿ ಕೂರಲಾಗದು. ಗಣಿತದ ಘಾತವು ರಾಜ್ಯಶಾಸ್ತ್ರದ ಅಧಿಕಾರವಾಗಿ ಹೊರಬಿದ್ದರೆ ಅದನ್ನು ಗುರುತಿಸಲು ಎರಡೂ ಪದಗಳನ್ನು ಬಲ್ಲ ಮನುಷ್ಯನೇ ಬೇಕು.

ಯಂತ್ರದ ಮಾತು ಬಂದುದರಿಂದ ಅದನ್ನೂ ಹೇಳಿಬಿಡುತ್ತೇನೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬುದು ಬಂದ ಮೇಲೆ, ಮನೆಯಿಂದ ಬರೆದು ತನ್ನಿರೆಂದು ಕೊಟ್ಟ ಪ್ರಬಂಧಗಳ ಇಂಗ್ಲಿಷು ಒಮ್ಮಿಂದೊಮ್ಮೆಗೆ ಅಚ್ಚುಕಟ್ಟಾಯಿತು. ಅಧ್ಯಾಪಕರು ಕೆಲವರು ಕೋಪಗೊಂಡರು, ಕೆಲವರು ಕಂಡೂ ಕಾಣದಂತಿದ್ದರು. ಇಂಗ್ಲಿಷಿಗೆ ಅಂಜುವ ಕನ್ನಡದ ಮಗುವಿಗೆ ಈ ಯಂತ್ರದ ಆಕರ್ಷಣೆ ಇತರರಿಗಿಂತ ಹೆಚ್ಚು, ಅಪಾಯವೂ ಹೆಚ್ಚು. ಅಂಕ ಬರುತ್ತದೆ, ಬಾಯಿ ಮಾತ್ರ ಇನ್ನಷ್ಟು ಗಟ್ಟಿಯಾಗಿ ಮುಚ್ಚುತ್ತದೆ. ಯಂತ್ರವನ್ನು ನಿಷೇಧಿಸಿ ಫಲವಿಲ್ಲ. ಯಂತ್ರಕ್ಕೆ ಗೊತ್ತಿಲ್ಲದ ಪ್ರಶ್ನೆಯನ್ನು ಕೇಳಬೇಕು.

ಅಂಥ ಪ್ರಶ್ನೆಗಳಿಗೆ ನಮ್ಮ ನಾಡಿನಲ್ಲಿ ಕೊರತೆಯೇ? ಬಾಯಾರು, ಪೆರ್ಲ ಮುಂತಾದ ಕಡೆಗಳಲ್ಲಿ ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು ನೀರು ತಂದ ಸುರಂಗಗಳಿವೆ. ಮಳೆಯ ನೀರು ಮುರಕಲ್ಲಿನ ರಂಧ್ರಗಳಲ್ಲಿ ಇಳಿದು ಅಡಿಯ ಜೇಡಿಯ ಪದರದ ಮೇಲೆ ನಿಲ್ಲುತ್ತದೆ. ಸುರಂಗವು ಅದಕ್ಕೆ ದಾರಿ ಮಾಡುತ್ತದೆ. ಪಂಪು ಇಲ್ಲದೆ, ಇಳಿಜಾರಿನ ಬಲದಿಂದಲೇ ನೀರು ಹರಿದು ಬಂದು ಕೆರೆ ತುಂಬುತ್ತದೆ. ಭೂವಿಜ್ಞಾನದ ಪುಸ್ತಕದ ಒಂದು ಅಧ್ಯಾಯವೇ ಮನೆಯ ಹಿತ್ತಿಲಿನಲ್ಲಿದೆ. ಹತ್ತು ಲೀಟರಿನ ಬಾಲ್ದಿಯೂ ಕೈಗಡಿಯಾರವೂ ಇದ್ದರೆ ಸಾಕು. ನಿಮಿಷಕ್ಕೆ ಎಷ್ಟು ನೀರು ಬರುತ್ತದೆಂದು ಸಪ್ಟೆಂಬರಿನಲ್ಲೊಮ್ಮೆ, ಫೆಬ್ರವರಿಯಲ್ಲೊಮ್ಮೆ ಅಳೆದು ತನ್ನಿ, ಇಳಿಕೆಗೆ ಕಾರಣ ಹೇಳಿ ಎಂದರೆ, ಯಾವ ಯಂತ್ರವೂ ಆ ಅಂಕಿಯನ್ನು ಕೊಡಲಾರದು. ಸುರಂಗ ತೋಡಿದ ಅಜ್ಜನ ಮೊಮ್ಮಗನು ಅಂದು ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಬಲ್ಲವನಾಗುತ್ತಾನೆ. ಸಸ್ಯಶಾಸ್ತ್ರದವರಿಗೆ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾಗಿ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಮಹಾಸಂಸ್ಥೆಯೊಂದು ಕಾಸರಗೋಡಿನಲ್ಲಿಯೇ ಇದೆ.

ನನ್ನ ವಿಷಯವಾದ ಅರ್ಥಶಾಸ್ತ್ರಕ್ಕೆ ಅಡಕೆಗಿಂತ ಒಳ್ಳೆಯ ಗುರುವಿಲ್ಲ. ಬೆಲೆ ಏರಿದರೆ ಪೂರೈಕೆ ಏರುವುದು ಎಂದು ಪುಸ್ತಕ ಹೇಳುತ್ತದೆ. "ನಿಮ್ಮಪ್ಪ ಈ ವರ್ಷದ ಬೆಲೆ ನೋಡಿ ಈ ವರ್ಷವೇ ಅಡಕೆ ಹೆಚ್ಚಿಸಬಲ್ಲರೇ?" ಎಂದು ಕೇಳುತ್ತಿದ್ದೆ. ನೆಟ್ಟ ಸಸಿ ಫಸಲು ಕೊಡಲು ಐದಾರು ವರ್ಷ ಬೇಕೆಂದು ಹಿಂದಿನ ಬೆಂಚಿನಿಂದ ಉತ್ತರ ಬರುತ್ತಿತ್ತು. ಬೆಲೆ ಬಿದ್ದರೆ ಮರ ಕಡಿಯುತ್ತಾರೆಯೇ? ಇಲ್ಲ, ಅಂಗಳದಲ್ಲಿ ಒಣಗಿಸಿ ಅಟ್ಟದಲ್ಲಿ ಇಡುತ್ತಾರೆ. ಎಷ್ಟು ದಿನ? ಮಗಳ ಮದುವೆಯೋ ಬ್ಯಾಂಕಿನ ಸಾಲದ ಕಂತೋ ಬರುವವರೆಗೆ. ಹಾಗಾದರೆ 1973ರಲ್ಲಿ ಎರಡೂ ರಾಜ್ಯಗಳ ಬೆಳೆಗಾರರು ಸೇರಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯನ್ನು ಕಟ್ಟಿದ್ದೇಕೆ? ಇಷ್ಟು ಮಾತಾಡುವುದರೊಳಗೆ ಪೂರೈಕೆಯ ಸ್ಥಿತಿಸ್ಥಾಪಕತ್ವ, ದಾಸ್ತಾನು, ಸಹಕಾರ, ಮೂರು ಅಧ್ಯಾಯಗಳು ಅವರ ಬಾಯಿಂದಲೇ ಬಂದಿರುತ್ತಿದ್ದವು. ಇಂಗ್ಲಿಷಿನ ಹೆಸರುಗಳನ್ನು ಆಮೇಲೆ ಅಂಟಿಸಿಕೊಳ್ಳುವುದು ದೊಡ್ಡ ಕೆಲಸವಲ್ಲ.

ಹೀಗೆ ಮಾಡಿದರೆ ಮಟ್ಟ ಇಳಿಯುವುದಿಲ್ಲವೇ, ಹೊರಗಿನ ಸ್ಪರ್ಧೆಯಲ್ಲಿ ನಿಲ್ಲಬಲ್ಲರೇ ಎಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದ್ದುಂಟು. ಪರೀಕ್ಷೆಯ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯಲೇಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಇಂಗ್ಲಿಷು ಬೇಡವೆಂದು ಹೇಳುವವನೂ ನಾನಲ್ಲ. ದಿನಕ್ಕೆ ಐದು ವಾಕ್ಯವಾದರೂ ತರಗತಿಯಲ್ಲಿ ಕುಳಿತು ಕೈಯಿಂದ ಬರೆಯಿಸಿ, ಅಲ್ಲಿಯೇ ತಿದ್ದಬೇಕು. ಇದು ಶ್ರಮದ ಕೆಲಸ; ಅರುವತ್ತು ಮಂದಿಯ ತರಗತಿಯಲ್ಲಿ ಇನ್ನೂ ಶ್ರಮ. ಉರು ಹೊಡೆದು ಬರೆದ ಇಂಗ್ಲಿಷಿನ ಮಟ್ಟ ಎತ್ತರದ್ದೆಂದೂ, ತಿಳಿದು ಬರೆದ ಒಡಕು ಇಂಗ್ಲಿಷಿನದು ಕೆಳಗಿನದೆಂದೂ ಎಣಿಸುವವರೊಡನೆ ನನಗೆ ವಾದವಿಲ್ಲ.

ಮಹಾಜನರೇ, ಇದು ಕಾಲೇಜಿನ ಅಧ್ಯಾಪಕರ ವಿಷಯ, ತಮಗೇಕೆ ಎನ್ನಿಸಬಹುದು. ತಮಗೇ ಹೆಚ್ಚು ಸಂಬಂಧಪಟ್ಟದ್ದು. ಒಬ್ಬ ತಾಯಿ ತನ್ನ ಮೂರು ವರ್ಷದ ಮಗುವನ್ನು ಇಂಗ್ಲಿಷ್ ಮಾಧ್ಯಮದ ಎಲ್.ಕೆ.ಜಿ.ಗೆ ಕಳುಹಿಸುವಾಗ ಕನ್ನಡದ ಮೇಲಿನ ದ್ವೇಷದಿಂದ ಕಳುಹಿಸುವುದಿಲ್ಲ. ನೆರೆಮನೆಯ ಹುಡುಗಿ ಕಾಲೇಜಿನಲ್ಲಿ ಬಾಯಿಬಿಡಲಾರದೆ ಅತ್ತದ್ದನ್ನು ಅವಳು ಕಂಡಿದ್ದಾಳೆ. "ನನ್ನ ಮಗುವಿಗೆ ಆ ಪಾಡು ಬೇಡ" ಎನ್ನುತ್ತಾಳೆ. ಅವಳನ್ನು ಭಾಷಾಭಿಮಾನದ ಹೆಸರಿನಲ್ಲಿ ಬೈಯುವುದು ಸುಲಭ. ಉತ್ತರ ಕೊಡುವುದು ಕಷ್ಟ. ಒಂದನೆಯ ತರಗತಿಗೆ ಮಕ್ಕಳು ಬಾರದಿದ್ದರೆ ಕನ್ನಡ ವಿಭಾಗವೇ ಮುಚ್ಚುತ್ತದೆ, ಮುಚ್ಚಿದ ವಿಭಾಗ ಮತ್ತೆ ತೆರೆಯುವುದು ಅಪೂರ್ವ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿಯ ಬೆಂಬಲವಿದೆ; 1956ರಲ್ಲಿಯೇ ಅದು ಸೇರಿತು. ಆದರೆ ವಿಧಿಯು ಶಾಲೆಯನ್ನು ಕೊಡಿಸೀತು, ಮಗುವನ್ನು ಕೊಡಿಸಲಾರದು. ಆ ತಾಯಿಯ ಕಣ್ಣಿಗೆ ಕಾಣುವಂತೆ, ಕನ್ನಡ ಶಾಲೆಯಿಂದ ಬಂದ ನಾಲ್ಕು ಮಕ್ಕಳು ಕಾಲೇಜಿನಲ್ಲಿ ಎದ್ದು ನಿಂತು ಮಾತನಾಡಬೇಕು. ಅದಾಗದೆ ನಮ್ಮ ಠರಾವುಗಳಿಂದ ಒಂದು ಮಗುವೂ ಹೆಚ್ಚು ಬರಲಿಕ್ಕಿಲ್ಲ.

ತಂದೆತಾಯಂದಿರಲ್ಲಿ ನನ್ನ ಬೇಡಿಕೆ ಒಂದೇ. ಕಾಲೇಜಿನಿಂದ ಬಂದ ಮಗ ಅಥವಾ ಮಗಳನ್ನು ಅಂಕವೆಷ್ಟೆಂದು ಕೇಳುವ ಮೊದಲು, "ಇವತ್ತು ಏನು ಪಾಠವಾಯಿತು, ನನಗೂ ಹೇಳು" ಎಂದು ಮನೆಯ ಮಾತಿನಲ್ಲಿ ಕೇಳಿರಿ. ತಾವು ಓದಿದವರಲ್ಲದಿದ್ದರೆ ಇನ್ನೂ ಒಳ್ಳೆಯದು. ಓದದವರಿಗೆ ತಿಳಿಯುವಂತೆ ಹೇಳಬೇಕಾದರೆ ಪಾಠ ಚೆನ್ನಾಗಿಯೇ ತಲೆಗೆ ಹೋಗಿರಬೇಕು.

ಸಂಘದಿಂದ ಆಗಬೇಕಾದ್ದೊಂದಿದೆ. ಕನ್ನಡ, ಮಲೆಯಾಳ, ಇಂಗ್ಲಿಷ್, ಮೂರರಲ್ಲಿಯೂ ಪಾರಿಭಾಷಿಕ ಪದಗಳನ್ನು ಕೊಡುವ ಕಿರುಹೊತ್ತಗೆಗಳು, ವಿಷಯಕ್ಕೊಂದರಂತೆ, ಮೊದಲ ಆರು ತಿಂಗಳ ಪಾಠಕ್ಕೆ ಸಾಲುವಷ್ಟು, ಬೇಕಾಗಿವೆ. ಅಚ್ಚು ಹಾಕಿಸಿದರೆ ಸಂತೋಷ, ಇಲ್ಲದಿದ್ದರೆ ಮೊಬೈಲಿನಲ್ಲಿ ಹಂಚಿದರೂ ಆದೀತು. ಅರ್ಥಶಾಸ್ತ್ರದ್ದನ್ನು ನಾನು ಬರೆದುಕೊಡುವೆನು. ಸುಮಾರು ಇನ್ನೂರು ಪದಗಳು ಸಿದ್ಧವಾಗಿವೆ. ರಸಾಯನಶಾಸ್ತ್ರಕ್ಕೂ ವಾಣಿಜ್ಯಕ್ಕೂ ಕೈಜೋಡಿಸುವವರು ಬೇಕು. ಈಗ ಪದವಿ ಮುಗಿಸಿದ, ಕನ್ನಡ ಮಾಧ್ಯಮದಲ್ಲಿ ಓದಿದ ಯುವಕ ಯುವತಿಯರು ಈ ಸಭೆಯಲ್ಲಿಯೇ ಕೆಲವರಿದ್ದೀರಿ. ಕಾಲೇಜಿನ ಮೊದಲ ವರ್ಷದಲ್ಲಿ ತಾವು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದ ಅರ್ಥ ಬರೆದುಕೊಂಡ ಆ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕದೆ ಸಂಘದ ವಾಚನಾಲಯಕ್ಕೆ ತಂದುಕೊಡಿರಿ. ಮುಂದಿನ ಜೂನ್ ತಿಂಗಳಿನ ಒಳಗೆ ಬಂದರೆ ಹೊಸ ಮಕ್ಕಳ ಕೈಗೆ ಸಕಾಲದಲ್ಲಿ ತಲಪಿಸಬಹುದು. ಕಾರ್ಯದರ್ಶಿಗಳು ಹೆಸರು ಬರೆದುಕೊಳ್ಳಲು ಒಪ್ಪಿದ್ದಾರೆ.